ಒಂದೇ ಬೀರು

ನವೆಂಬರ್ ೧೪, ಗುರುವಾರ, ಮಧ್ಯಾಹ್ನ. ನನಗೆ ರಜೆ, ನಿನಗೆ ಕೆಲಸ. ಸೊಂಟದ ಎಡಗಡೆ ಹುಳುಕಡ್ಡಿ ಮತ್ತೆ ಎದ್ದಿದೆ.

ಅಕ್ಕಾ,

ಕನ್ನಡಿಯಲ್ಲಿ ನೋಡಿಕೊಂಡೆ. ಅದೇ ಜಾಗ, ಅದೇ ಉಂಗುರ. ಅಂಚು ಕೆಂಪಗೆ, ನಡುವೆ ತಿಳಿ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ. ಸಿಟ್ಟೂ ಬರಲಿಲ್ಲ. ಅಂಗಿ ಇಳಿಬಿಟ್ಟು, ಹೋಗಿ ಪಾತ್ರೆ ತೊಳೆದೆ.

ಚರ್ಮದ ಡಾಕ್ಟರಮ್ಮನ ಎದುರು ನಾವಿಬ್ಬರೂ ಒಟ್ಟಿಗೆ ಕೂತಿದ್ದೆವಲ್ಲ. "ಇಬ್ರೂ ಒಟ್ಟಿಗೇ ಮಾತ್ರೆ ತಗೋಬೇಕು. ಕಲೆ ಹೋಯ್ತು ಅಂತ ನಿಲ್ಲಿಸ್ಬೇಡಿ, ನಾನು ಸಾಕು ಅನ್ನೋವರೆಗೂ ತಗೊಳ್ಳಿ. ಬಟ್ಟೆ, ಟವೆಲ್ಲು ಎಲ್ಲಾ ಬೇರೆ ಬೇರೆ. ಇಲ್ಲಾಂದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ" ಎಂದರು. ನೀನು ನಕ್ಕು, "ನಮ್ಮಿಬ್ರದ್ದೂ ಒಂದೇ ಚರ್ಮ ಡಾಕ್ಟ್ರೇ, ಒಬ್ಬಳಿಗೆ ಕೊಟ್ರೆ ಸಾಕು" ಅಂದೆ. ಅವರೂ ನಕ್ಕರು.

ನೀನಂದದ್ದು ಸುಳ್ಳೇನಲ್ಲ. ಅಮ್ಮ ಹೋದಾಗಿನಿಂದ ನಮ್ಮದು ಒಂದೇ ಬೀರು, ಒಂದೇ ಅಳತೆ. ನಾನು ಕನ್ನಡಕದಂಗಡಿಗೆ ಕೆಲಸಕ್ಕೆ ಸೇರಿದ ದಿನ, ನಿನ್ನ ಮೈಮೇಲಿದ್ದ ನೀಲಿ ಅಂಗಿಯನ್ನು ನೀನು ಬಿಚ್ಚಿ, ಅದಿನ್ನೂ ಬೆಚ್ಚಗಿರುವಾಗಲೇ ನನಗೆ ತೊಡಿಸಿದ್ದೆ. "ನೀನು ಹಾಕ್ಕೊಂಡ್ರೆ ನಾನು ಹಾಕ್ಕೊಂಡ ಹಾಗೇ ಕಣೇ."

ನಿನ್ನ ಕಲೆ ಮೊದಲು ಮಾಸಿತು. ನೀನು ಮಾತ್ರೆ ಬಿಟ್ಟೆ. ಯಾಕೆಂದು ಕೇಳಿದ್ದಕ್ಕೆ, "ಎದ್ದು ಹೋದ ನೆಂಟನಿಗೆ ಯಾರಾದ್ರೂ ಹಾಸಿಗೆ ಹಾಸ್ತಾರೇನೇ?" ಬಟ್ಟೆಗೆ ಬಿಸಿ ಇಸ್ತ್ರಿಯಾದರೂ ಆಗಲಿ ಎಂದರೆ, "ಇಡೀ ದಿನ ಹೋಟೆಲ್ ಲಾಂಡ್ರೀಲಿ ಕಂಡವರ ಹೊದಿಕೆಗೆಲ್ಲ ಇಸ್ತ್ರಿ ಹಾಕ್ತೀನಿ, ಮನೇಲೂ ಹಾಕ್ಲಾ?" ಅರೆ ಒಣಗಿದ ಬಟ್ಟೆ ಹಾಗೆಯೇ ಬೀರು ಸೇರಿತು. ನೆಂಟ ತಿರುಗಿ ಬಂದ. ಮೊದಲು ನಿನಗೆ, ಆಮೇಲೆ ನನಗೆ.

ಮತ್ತೆ ಮೊದಲಿನಿಂದ ಮಾತ್ರೆ. ಈ ಸಲ ನಾನು ನನಗೆಂದೇ ಒಂದು ಹಳದಿ ಟವೆಲ್ಲು ತಂದು ಬಾಗಿಲ ಹಿಂದೆ ಬೇರೆ ಮೊಳೆಗೆ ಹಾಕಿದೆ. ಸಂಜೆ ಕೆಲಸದಿಂದ ಬಂದವಳು ನೀನು ಅದರಲ್ಲೇ ಕತ್ತು ಒರೆಸಿಕೊಂಡೆ. ನಾನು ನೋಡಿದ್ದು ನಿನಗೆ ಕಂಡಿತು. "ನನ್ನ ಕಂಡ್ರೆ ಅಸಹ್ಯನಾ ನಿಂಗೆ?" ಅಂದೆ ನೀನು. ಅದು ತಮಾಷೆಯ ದನಿಯಲ್ಲ. ನಾನು ಆ ಟವೆಲ್ಲನ್ನು ನಿನ್ನ ಕೈಯಿಂದ ತೆಗೆದುಕೊಂಡು, ನಿನ್ನೆದುರೇ ಕುತ್ತಿಗೆ, ತೋಳು, ಸೊಂಟ ಒರೆಸಿಕೊಂಡೆ. ನಿನ್ನ ಮುಖ ಸಡಿಲವಾಯಿತು. ಅಂದು ನಾವಿಬ್ಬರೂ ಚೆನ್ನಾಗಿ ನಿದ್ದೆ ಮಾಡಿದೆವು.

ನೀನು ಕೇಳಿದರೆ ನಾನು ಮತ್ತೆ ಒರೆಸಿಕೊಳ್ಳುತ್ತೇನೆ, ಅಕ್ಕಾ. ಅದಕ್ಕೇ ಇದನ್ನು ಎದುರಿಗೆ ಹೇಳದೆ ಬರೆಯುತ್ತಿರುವುದು.

ನಮ್ಮ ಅಂಗಡಿಯ ಮೇಲೊಂದು ಕೋಣೆ ಖಾಲಿಯಿದೆ. ಯಜಮಾನರು "ಭಾನುವಾರ ಬಂದುಬಿಡಮ್ಮ" ಅಂದಿದ್ದಾರೆ. ಹೋಗುತ್ತೇನೆ, ಇಬ್ಬರಿಗೂ ಪೂರ್ತಿ ವಾಸಿಯಾಗುವ ತನಕ. ಆಮೇಲಿನದು ಯೋಚಿಸಿಲ್ಲ. ಚೀಲ ತುಂಬೋಣವೆಂದು ಬೀರು ತೆಗೆದೆ. ನನ್ನದು ಯಾವುದು ಎಂದು ತಿಳಿಯಲಿಲ್ಲ. ಮುಚ್ಚಿದೆ. ಚೀಲ ಮಂಚದ ಕೆಳಗೆ ಖಾಲಿಯೇ ಇದೆ.

ಹರಸಬೇಕಾದವಳು ದೊಡ್ಡವಳಾದ ನೀನು. ಆದರೂ ನಾನೇ ಹೇಳುತ್ತೇನೆ: ನಿನ್ನ ಮೈ ತಣ್ಣಗಿರಲಿ. ಮಾತ್ರೆ ಬಿಡಬೇಡ.

ಒಂದೇ ಚರ್ಮದವಳು,
ನಿನ್ನ ತಂಗಿ