ಏನಾಗಬೇಕು?

ನನ್ನ ಬಾಯಿಬಡುಕಿ ಗೆಳತಿಗೆ,

ಅಲ್ಲಿ ಮಾತಾಡಲು ಯಾರಾದರೂ ಸಿಕ್ಕಿದ್ದಾರೋ, ಇಲ್ಲ ಗೋಡೆಗೆ ಹೇಳುತ್ತ ಕೂತಿದ್ದೀಯೋ? ಈಗ ಮಧ್ಯಾಹ್ನ. ನಮ್ಮ ಲಾಂಡ್ರಿಯ ತಾರಸಿಯಲ್ಲಿ ಬಿಳಿ ಬೆಡ್‌ಶೀಟುಗಳು ಒಣಗುತ್ತಿವೆ. ಗಾಳಿ ಬಂದಾಗ ಒಂದೊಂದೂ ಹೊಟ್ಟೆ ಉಬ್ಬಿಸಿ ನಿಧಾನವಾಗಿ ಇಳಿಯುತ್ತದೆ. ಅವುಗಳ ನಡುವೆ ನಿನ್ನ ತಮ್ಮ ಓಡಾಡುತ್ತಿದ್ದಾನೆ, ನಿನ್ನ ಜೊತೆ ಮಾತಾಡಿಕೊಂಡು. ತಲೆ ನರೆತರೂ ಮನಸ್ಸು ಮಾತ್ರ ಅದೇ ಪುಟ್ಟ ಮಗುವಿನದು.

ಆಸ್ಪತ್ರೆಗೆ ಹೊರಟ ದಿನ ನೀನು ಅವನ ಕೈಯನ್ನು ನನ್ನ ಕೈಗಿಟ್ಟು, "ಇವನನ್ನ ಸ್ವಲ್ಪ ನೋಡ್ಕೊಂಡಿರೇ, ಬಂದೆ" ಅಂದೆ. ಬರಲಿಲ್ಲ. ಮಹರಾಯ್ತಿ, ಆ 'ಸ್ವಲ್ಪ' ಇನ್ನೂ ಮುಗಿದಿಲ್ಲ. ಅವನಿಗೆ ಮಾತೆಂದರೆ ಮಾತು, ಗೊತ್ತಲ್ಲ. "ಕಿವಿಗೆ ಬಿತ್ತಾ?" ಅಂದರೆ ಏನು ಬಿತ್ತೆಂದು ನೆಲ ನೋಡುತ್ತಾನೆ. ಹಾಗಾಗಿ ನೀನು 'ಬಂದೆ' ಅಂದಮೇಲೆ ಬಂದಿದ್ದೀಯ, ಅಷ್ಟೇ. ಒಣಗುವ ಬಟ್ಟೆಗಳ ಹಿಂದೆಲ್ಲೋ ಇದ್ದೀಯ. ಬಿಸಿಲಿಗೆ ಕಣ್ಣು ಮಂಪರಾದಾಗ ನನಗೂ ಒಮ್ಮೊಮ್ಮೆ ನಿನ್ನ ನೆರಳು ಕಂಡಂತಾಗುತ್ತದೆ.

ಹೋದ ವಾರ ನಿಮ್ಮ ದೊಡ್ಡಪ್ಪನ ಮಗ ಬಂದ. ಇಷ್ಟು ವರ್ಷ ಈ ಕಡೆ ತಲೆ ಹಾಕದವನು, "ಕಂಡೋರ ಮನೇಲಿ ಯಾಕೆ? ಯಾವುದಾದ್ರೂ ಆಶ್ರಮಕ್ಕೆ ಸೇರಿಸ್ತೀನಿ" ಅಂದ. ನನ್ನ ಹತ್ತಿರ ನಿನ್ನ ಮಾತು ಬಿಟ್ಟರೆ ಚೂರು ಕಾಗದವೂ ಇಲ್ಲ. ನಾನು ಒಪ್ಪದ್ದಕ್ಕೆ ವಿಷಯ ಸರ್ಕಾರಿ ಕಚೇರಿಗೆ ಹೋಯಿತು. ತೀರ್ಮಾನ ಮಾಡುವ ಅಧಿಕಾರಿ ಮೇಡಂ ಮುಂದೆ ಮೂವರೂ ಕೂತೆವು. "ಇವರು ನಿಮಗೆ ಏನಾಗ್ಬೇಕು?" ಅಂತ ನನ್ನನ್ನು ಕೇಳಿದರು. ದಿನಾ ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹಾಕುವವಳು ನಾನು, ಅದಕ್ಕೆ ಏನು ಹೆಸರೋ ಅಂತ ಹುಡುಕುತ್ತಿದ್ದೆ ಕಣೇ. "ಏನೂ ಆಗ್ಬೇಕಾಗಿಲ್ಲ, ಪಕ್ಕದ್ಮನೆಯವ್ರು" ಅಂದ ನಿಮ್ಮಣ್ಣ.

ಮೇಡಂ ನನ್ನತ್ತ ಕೈ ತೋರಿಸಿ ನಿನ್ನ ತಮ್ಮನನ್ನೇ ಕೇಳಿದರು. "ಇವರು ನಿಮಗೆ ಏನಾಗ್ಬೇಕಪ್ಪಾ?"

ಅವನು ಬೆಚ್ಚಿಬಿದ್ದು ಎದ್ದ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, "ಏನೂ ಆಗ್ಬಾರ್ದು! ಇವಳಿಗೆ ಏನೂ ಆಗ್ಬಾರ್ದು!" ಅಂತ ಕೂಗಿದ.

ಮೇಡಂ ಮುಂದಿದ್ದ ಫೈಲು ಮುಚ್ಚಿದರು. ಆಮೇಲೆ ನಿಮ್ಮಣ್ಣನಿಗೆ, "ಇವರು ಎಲ್ಲಿದ್ದಾರೋ ಅಲ್ಲೇ ಇರ್ಲಿ, ನೀವು ಹೊರಡಿ" ಅಂದರು. ನಾನು ಅಲ್ಲೇ ಗಳಗಳ ಅತ್ತುಬಿಟ್ಟೆ.

ಅವನು ಕರೆಯುತ್ತಿದ್ದಾನೆ, ಶೀಟು ಮಡಚಬೇಕು. ಎರಡು ತುದಿ ಅವನಿಗೆ, ಒಂದು ನನಗೆ, ಇನ್ನೊಂದು ನಿನಗಂತೆ. ಗಾಳಿಗೆ ನಿನ್ನ ತುದಿ ತಾನಾಗಿಯೇ ಏಳುತ್ತಿದೆ. ನೀನು ಅದನ್ನು ಹಿಡಿದುಕೊಂಡಿರು. ನಿನ್ನ ಹತ್ತಿರ ಬರಲು ನನಗೆ ಸದ್ಯಕ್ಕೆ ಪುರುಸೊತ್ತಿಲ್ಲ. ನನಗೀಗ ಏನೂ ಆಗುವ ಹಾಗಿಲ್ಲ, ನಿನ್ನ ತಮ್ಮ ಸಾಹೇಬರ ಅಪ್ಪಣೆಯಾಗಿದೆ.

ಎಲ್ಲಿದ್ದರೂ ತಣ್ಣಗಿರು.

ಏನೂ ಆಗಬಾರದ,
ನಿನ್ನ ಗೆಳತಿ