ಅಕ್ಕನ ಬರಿಗೈ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗುಂಡು,

‘ಪ್ರೀತಿಯ’ ಅನ್ನುವುದು ಕೈಯ ಅಭ್ಯಾಸದಿಂದ ಬಂದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ. ನಾನು ಕ್ಷೇಮ. ನೀನು ಕ್ಷೇಮವಾಗಿಯೇ ಇರುತ್ತೀಯ, ಕೇಳುವ ಅಗತ್ಯವಿಲ್ಲ.

ನಿನ್ನ ಹೆಂಡತಿ ಫೋನು ಮಾಡಿ ಅತ್ತಳು. “ಅತ್ತಿಗೆ, ನಾವೇನು ತಪ್ಪು ಮಾಡಿದ್ವಿ ಅಂತ ಹೇಳಿಯಾದ್ರೂ ಹೋಗ್ಬಾರ್ದಿತ್ತಾ” ಅಂದಳು. ಅವಳದೇನೂ ತಪ್ಪಿಲ್ಲ. ಮಹಡಿ ಕೋಣೆಗೆ ಬಣ್ಣ ಹೊಡೆಸಿ, ನನ್ನ ಮಂಡಿಗೆ ಒಳ್ಳೆಯದು ಅಂತ ಎತ್ತರದ ಮಂಚ ತರಿಸಿದವಳು ಅವಳು. ಹೇಳಬೇಕಾದ್ದನ್ನು ನಿನಗೆ ಹೇಳಿಯೇ ಬಂದಿದ್ದೆ. ನೀನು ಕೇಳಿಸಿಕೊಳ್ಳಲಿಲ್ಲ. ‘ಅಕ್ಕಂಗೆ ವಯಸ್ಸಾಯ್ತು, ಸಣ್ಣಸಣ್ಣದಕ್ಕೂ ಸಿಟ್ಟು’ ಅಂತ ಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಸಿಟ್ಟಲ್ಲ ಕಣೋ. ಸಿಟ್ಟಾದರೆ ಒಂದು ನಿದ್ದೆಗೆ ಇಳಿಯುತ್ತದೆ. ಇದು ಹೇಸಿಗೆ. ನೀರು ಕುಡಿದರೂ ಗಂಟಲಿನಿಂದ ಇಳಿಯುತ್ತಿಲ್ಲ.

ನಿನ್ನ ಕಂಪನಿಗೆ ಹತ್ತು ವರ್ಷ ತುಂಬಿದ ಸಮಾರಂಭಕ್ಕೆ ನನ್ನನ್ನು ಹೊಸ ಸೀರೆ ಉಡಿಸಿ ಕರೆದುಕೊಂಡು ಹೋದೆ. ಆಸ್ಪತ್ರೆಗಳಿಗೆ, ದೊಡ್ಡ ಆಫೀಸುಗಳಿಗೆ ಗುಡಿಸಿ ಒರೆಸುವ ಜನರನ್ನು ಒದಗಿಸುವ ಕಂಪನಿ ನನ್ನ ತಮ್ಮನದು ಅಂತ ನಾನೂ ಅಕ್ಕಪಕ್ಕದವರ ಮುಂದೆ ಸಾಕಷ್ಟು ಬೀಗಿದವಳೇ. ವೇದಿಕೆಯ ಮೇಲೆ ಮೆತ್ತನೆ ಕುರ್ಚಿ. ಕೆಳಗೆ, ಹಿಂದಿನ ಸಾಲುಗಳಲ್ಲಿ ಬೂದು ಬಣ್ಣದ ಸಮವಸ್ತ್ರದ ಹೆಂಗಸರು. ಮುಂದಿನ ಸಾಲಿನಲ್ಲಿ ಕೋಟು ಹಾಕಿದವರು. ನೀನು ಮೈಕು ಹಿಡಿದು ನನ್ನ ಕಥೆ ಶುರುಮಾಡಿದೆ.

“ನಮ್ಮಕ್ಕ ಬೇಕರಿಲಿ ತಟ್ಟೆ ಉಜ್ಜಿದ್ಲು. ಕೋಳಿ ಕ್ಲೀನ್ ಮಾಡಿದ್ಲು. ಮೂಳೆ ಬೇಯಿಸೋ ಫ್ಯಾಕ್ಟರಿಲಿ ದುಡಿದ್ಲು. ಆಸ್ಪತ್ರೆ ಬಟ್ಟೆ ಒಗೆದ್ಲು. ಎಲ್ಲಾ ಬರಿಗೈಲಿ. ಒಂದು ದಿನ ಮೂಗು ಮುಚ್ಚಿಕೊಂಡಿದ್ದು ನಾನು ನೋಡಿಲ್ಲ. ನಗ್ತಾ ಮಾಡಿದ್ಲು. ಹೇಸಿಗೆ ಅನ್ನೋ ಮಾತೇ ನಮ್ಮಕ್ಕಂಗೆ ಗೊತ್ತಿಲ್ಲ” ಅಂದೆ. ಕೊನೆಗೆ, “ಅವಳು ಇದೆಲ್ಲಾ ಮಾಡಿದ್ದು ನನಗೋಸ್ಕರ” ಅಂತ ಕಣ್ಣು ಒರೆಸಿಕೊಂಡೆ. ಚಪ್ಪಾಳೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಆಗ ನನಗೂ ಎದೆ ಉಬ್ಬಿತ್ತು.

ಈಗ ಒಂದೊಂದಾಗಿ ಹೇಳುತ್ತೇನೆ. ಈ ಮಾತು ನಿನಗೆ ಯಾವತ್ತೂ ಹೇಳಿರಲಿಲ್ಲ, ಹುಡುಗ ಓದಿಕೊಳ್ಳಲಿ ಅಂತ.

ನಿನಗೋಸ್ಕರ ಅಷ್ಟೇ ಮಾಡಿದ್ದಲ್ಲಪ್ಪ. ನನಗೂ ಹೊಟ್ಟೆ ಇತ್ತು. ನೀನು ಹುಟ್ಟದೇ ಇದ್ದರೂ ನಾನು ಆ ತಟ್ಟೆ ಉಜ್ಜುತ್ತಿದ್ದೆ. ಬೇಕರಿಯ ತಟ್ಟೆಗೆ ಹತ್ತಿದ ಸುಟ್ಟ ಎಣ್ಣೆ ಉಗುರಿನ ಸಂದಿಗೆ ಹೊಕ್ಕರೆ ಭಾನುವಾರವೂ ಹೋಗುತ್ತಿರಲಿಲ್ಲ. ಕೋಳಿ ಅಂಗಡಿಯ ಹಿಂದೆ ಬಿಸಿನೀರಿನ ಡ್ರಮ್ಮಿನಲ್ಲಿ ಅದ್ದಿ ಪುಕ್ಕ ಕೀಳುತ್ತಿದ್ದೆ. ಕೆಲವು ಕೋಳಿಗೆ ಜೀವ ಪೂರ್ತಿ ಹೋಗಿರುತ್ತಿರಲಿಲ್ಲ, ಕೈಯೊಳಗೇ ಒದ್ದಾಡುತ್ತಿದ್ದವು. ನಾನು ನಗುತ್ತಿದ್ದೆನಂತೆ. ಬಾಗಿಲ ಹೊರಗೆ ನಿಂತು ನನ್ನ ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದವನು ನೀನು, ಒಳಗೆ ಬಂದವನಲ್ಲ. ಹೊರಗೆ ಬಂದಾಗ ನಿನ್ನ ಮುಖ ನೋಡಿ ನಗುತ್ತಿದ್ದೆ, ಅಷ್ಟೇ.

ಇನ್ನು ಮೂಳೆ. ಅಂಟು ತಯಾರಿಸುವ ಕಾರ್ಖಾನೆ ಅದು. ಎಲ್ಲೆಲ್ಲಿಂದಲೋ ಬಂದ ಮೂಳೆಗಳನ್ನು ಕಡಾಯಿಯಲ್ಲಿ ಬೇಯಿಸಿ, ಮೇಲೆ ಕಟ್ಟುವ ಬೂದು ನೊರೆಯನ್ನು ಸೌಟಿನಲ್ಲಿ ತೆಗೆಯುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಹೋದ ಕೂಡಲೇ ಒಂದು ಡಬ್ಬಿಯಲ್ಲಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಕೆಲಸಕ್ಕೆ ನಿಲ್ಲುತ್ತಿದ್ದೆ. ಅಲ್ಲಿ ಎಲ್ಲ ಹೆಂಗಸರಿಗೂ ಒಂದೊಂದು ಡಬ್ಬಿ ಇತ್ತು. ಕೆಲವು ತಿಂಗಳಿಗೆ ವಾಂತಿ ನಿಂತಿತು. ಅಭ್ಯಾಸವಾಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಮೂಗು ಸತ್ತುಹೋಗಿತ್ತು. ಇವತ್ತಿಗೂ ನನಗೆ ಯಾವ ವಾಸನೆಯೂ ಬರುವುದಿಲ್ಲ. ಹುಟ್ಟುಹಬ್ಬಕ್ಕೆ ನಿನ್ನ ಹೆಂಡತಿ ಕೊಟ್ಟ ಸೆಂಟನ್ನು ಮೂಸಿ ‘ಎಷ್ಟು ಚೆನ್ನಾಗಿದೆ’ ಅಂದೆನಲ್ಲ, ಅವಳು ನಲ್ಲಿ ನೀರು ಕೊಟ್ಟಿದ್ದರೂ ಹಾಗೇ ಅನ್ನುತ್ತಿದ್ದೆ. ಅವಳಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ. ಮೂಗೇ ಇಲ್ಲದವಳು ಮೂಗು ಯಾಕೆ ಮುಚ್ಚಿಕೊಳ್ಳಲಿ?

ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಹಾಸಿಗೆ ವಸ್ತ್ರದ ಮಡಿಕೆಯೊಳಗೆ ಏನೇನು ಸಿಗುತ್ತಿತ್ತು ಅಂತ ಬರೆಯುವುದಿಲ್ಲ. ನೀನು ಇವತ್ತು ಊಟ ಮಾಡಬೇಕು. ಅಲ್ಲಿ ನಾವು ಗ್ಲೌಸಿಗಾಗಿ ಎಷ್ಟು ಕಾಡಿದೆವು ಗೊತ್ತಾ? ಕೊನೆಗೆ ಇಬ್ಬರಿಗೆ ಒಂದು ಜೊತೆ ಕೊಟ್ಟರು. ನನಗೆ ಎಡಗೈಯದು, ನನ್ನ ಜೊತೆಯವಳಿಗೆ ಬಲಗೈಯದು. ನಾವಿಬ್ಬರೂ ಸೇರಿ ಒಬ್ಬಳು ಹೆಂಗಸಾಗಿದ್ದೆವು. ಬರಿಗೈಲಿ ಮಾಡಿದ್ದು ನನ್ನ ದೊಡ್ಡತನವಲ್ಲ ಗುಂಡು, ಮಾಲೀಕನ ಸಣ್ಣತನ.

ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡಿದ್ದೆ. ನಿನಗೆ ನೆನಪಿಲ್ಲವಾ? ಎಷ್ಟು ತಂಪಾದ ಕೆಲಸ. ಇಂಟರ್ವಲ್ಲಿನಲ್ಲಿ ಬಾಗಿಲ ಪರದೆ ಸರಿಸಿ ನಿಲ್ಲುತ್ತಿದ್ದೆ, ಜನ ನನ್ನನ್ನು “ಮೇಡಂ” ಅನ್ನುತ್ತಿದ್ದರು. ಆ ಟಾಕೀಸು ಮುಚ್ಚಿದ ದಿನ ನಾನು ಅತ್ತಿದ್ದೆ. ಬೇರೆ ಯಾವ ಕೆಲಸ ಹೋದಾಗಲೂ ಅತ್ತಿಲ್ಲ. ನಿನ್ನ ಭಾಷಣದಲ್ಲಿ ಅದು ಇರಲಿಲ್ಲ. ಅದರಲ್ಲಿ ಗಲೀಜು ಸಾಲದು ಅನ್ನಿಸಿರಬೇಕು ನಿನಗೆ.

ಭಾಷಣ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ನಾನು ಕೈ ತೊಳೆಯಲು ಹೋದೆ. ಅಲ್ಲಿ ಬೂದು ಸಮವಸ್ತ್ರದ ಒಬ್ಬ ಹೆಂಗಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ನೀನು ಗುತ್ತಿಗೆ ಹಿಡಿದಿರುವ ದೊಡ್ಡಾಸ್ಪತ್ರೆಯಲ್ಲಿ ಅವಳದು ಮೂರನೇ ಮಹಡಿಯಂತೆ. ಎಲ್ಲರೂ ಅವಳನ್ನು ಮೂರನೇ ಮಹಡಿಯವಳು ಅಂತಲೇ ಕರೆಯುತ್ತಾರೆ.

“ಈ ಕೈ ಒಂದ್ಸಲ ನೋಡ್ಬೇಕು ಅಂತಿತ್ತು ಅಕ್ಕ. ಸೂಪರ್‌ವೈಸರ್ ದಿನಾ ಹೇಳ್ತಾರಲ್ಲ” ಅಂದಳು.

ಏನು ಹೇಳುತ್ತಾರೆ ಅಂತ ಕೇಳಿದೆ.

“ನಾವು ಗ್ಲೌಸ್ ಕೇಳಿದಾಗೆಲ್ಲಾ ನಿಮ್ಮ ಕಥೆ ಹೇಳ್ತಾರೆ. ಸಾಹೇಬ್ರ ಅಕ್ಕ ಇಪ್ಪತ್ತು ವರ್ಷ ಬರಿಗೈಲಿ ಮಾಡಿದ್ರು, ನೀವೇನು ಅವ್ರಿಗಿಂತ ದೊಡ್ಡ ಮಹಾರಾಣಿಯರಾ ಅಂತಾರೆ. ಕೇಳಿ ಕೇಳಿ ಬಾಯಿಪಾಠ ಆಗಿದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈ ಬಿಟ್ಟು ತನ್ನದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆ ಹಳದಿಯಾಗಿತ್ತು.

ಮಾರನೆಯ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ನಿಮಗೆ ಹೇಳಿ ಹೊರಟೆನಲ್ಲ, ಹೋದದ್ದು ಅಲ್ಲಿಗೆ. ಆಸ್ಪತ್ರೆಯ ಹಿಂದಿನ ಗೇಟಿನಿಂದ ಮೂರನೇ ಮಹಡಿಯವಳು ನನ್ನನ್ನು ನೆಲಮಾಳಿಗೆಗೆ ಇಳಿಸಿದಳು. ಹಾಜರಿ ಹಾಕುವ ಜಾಗದ ಮೇಲೆ ನನ್ನ ಫೋಟೋ ಇತ್ತು, ಟಾಕೀಸಿನ ಕಾಲದ್ದು, ಕೂದಲೆಲ್ಲ ಕಪ್ಪು. ಕೆಳಗೆ ದಪ್ಪ ಅಕ್ಷರದಲ್ಲಿ ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಬರೆಸಿದ್ದೀಯ. ಕೈ ಅವರದು, ಬಾಯಿ ನಿನ್ನದು. ಆ ಮಾತು ಹುಟ್ಟಿಸಿದವರು ಕೈಯೂ ಬಾಯಿಯೂ ಒಬ್ಬರದೇ ಅಂದುಕೊಂಡಿದ್ದರು ಪಾಪ.

ಆ ಫೋಟೋದ ಕೆಳಗೇ ಹೆಂಗಸರು ಚೀಲ ಬಿಚ್ಚಿ ಕೊಳೆ ಬಟ್ಟೆಗಳನ್ನು ಬೇರೆ ಮಾಡುತ್ತಿದ್ದರು. ವಾಸನೆ ನನ್ನನ್ನು ತಟ್ಟಲಿಲ್ಲ, ಕಣ್ಣಿಗೆ ಕಂಡದ್ದೇ ಸಾಕಾಯಿತು. ರಕ್ತ ಒಣಗಿ ರಟ್ಟಾದ ಬಟ್ಟೆ. ಗಾಯಕ್ಕೆ ಕಟ್ಟಿದ್ದ ಹತ್ತಿ. ಚೀಲದ ತಳದ ಲೋಳೆಯನ್ನು ಅಂಗೈಯಲ್ಲಿ ಬಳಿದು ಬಕೆಟ್ಟಿಗೆ ಹಾಕುತ್ತಿದ್ದರು, ಮನೆಯಲ್ಲಿ ಹಿಟ್ಟು ಬಳಿದ ಹಾಗೆ. ಒಬ್ಬಳು ತಟ್ಟನೆ ಕೈ ಎಳೆದುಕೊಂಡಳು. ಬಟ್ಟೆಯೊಳಗಿನ ಸೂಜಿ ಚುಚ್ಚಿತ್ತು. ಬೆರಳು ಹಿಂಡಿ, ನಲ್ಲಿಗೆ ಹಿಡಿದು, ಮತ್ತೆ ಬಂದು ಅದೇ ಚೀಲಕ್ಕೆ ಕೈ ಹಾಕಿದಳು. ಯಾರ ಮೈಗೆ ಚುಚ್ಚಿದ ಸೂಜಿ, ಅವರಿಗೇನು ಕಾಯಿಲೆ ಅಂತ ಕೇಳುವವರಿಲ್ಲ. ನಾನು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡೆ. ಮೂಳೆ ಕಾರ್ಖಾನೆಯ ನಂತರ ಅದೇ ಮೊದಲು. ಅವರಲ್ಲೊಬ್ಬಳು ಅದನ್ನೂ ಒರೆಸಿದಳು. ಬರಿಗೈಯಲ್ಲಿ. ನಾನು ಬೇಡ ಅಂದರೂ ಕೇಳಲಿಲ್ಲ.

ಹೊರಡುವಾಗ ಆ ಫೋಟೋ ಇಳಿಸಿ ಚೀಲಕ್ಕೆ ಹಾಕಿಕೊಂಡು ಬಂದೆ. ಅದನ್ನು ಯಾರು ಕದ್ದರು ಅಂತ ನಿನ್ನ ಸೂಪರ್‌ವೈಸರು ಆ ಹೆಂಗಸರನ್ನು ಪೀಡಿಸುತ್ತಿದ್ದರೆ ಇವತ್ತೇ ನಿಲ್ಲಿಸಲು ಹೇಳು.

ಅವತ್ತು ಸಂಜೆ ಊಟದ ಮೇಜಿನಲ್ಲಿ, ಅವರಿಗೆ ಗ್ಲೌಸು ಯಾಕೆ ಕೊಡುವುದಿಲ್ಲ ಅಂತ ನಿನ್ನನ್ನು ಕೇಳಿದೆ. ನೀನು ತಟ್ಟೆಯಿಂದ ತಲೆ ಎತ್ತಲಿಲ್ಲ. “ಗ್ಲೌಸ್ ಕೊಟ್ರೆ ವಾರಕ್ಕೆ ಹರಿದು ಹಾಕ್ತಾರೆ ಅಕ್ಕ. ಹಾಕ್ಕೊಂಡ್ರೆ ಕೆಲ್ಸಾನೂ ನಿಧಾನ. ನೀನು ಮಾಡ್ಲಿಲ್ವಾ? ನಿಂಗೇನಾಯ್ತು?” ಅಂದೆ.

ನಾನು ಮೇಜಿನ ಮೇಲೆ ಕೈ ಚಾಚಿದೆ. ನಾಲ್ಕು ಉಗುರು ಮತ್ತೆ ಬೆಳೆಯದ ಕೈ. ನೀನು ನೋಡಿ, “ವಯಸ್ಸಾದ್ಮೇಲೆ ಎಲ್ರಿಗೂ ಹಂಗೇ” ಅಂದೆ. ನಿನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ನಾನು, ಕಂಡವರ ಕೈಯಲ್ಲಿ ಹಾವು ಹಿಡಿಸುವುದಕ್ಕೆ ನನ್ನನ್ನು ಪುಂಗಿ ಮಾಡಿಕೊಂಡೆಯಲ್ಲೋ ಅಂದೆ. ಅದಕ್ಕೆ ನೀನು ನಕ್ಕೆ. “ಯಾರೂ ಮೂಸದೇ ಇದ್ದ ನಿನ್ನ ಜೀವನಾನ ಸಾವಿರ ಜನಕ್ಕೆ ಹೇಳ್ತಿದೀನಿ. ಖುಷಿ ಪಡು” ಅಂದೆ.

ಆ ಮಾತಿಗೆ ನಾನು ಎದ್ದೆ. ನನ್ನ ಜೀವನವನ್ನು ನೀನು ಯಾವಾಗ ಮೂಸಿದೆಯೋ? ಹೇಸಿಗೆಯೇ ಗೊತ್ತಿಲ್ಲದವಳು ಅಂತ ಮೈಕಿನಲ್ಲಿ ಕೂಗಿದೆಯಲ್ಲ, ನನಗೆ ಅಷ್ಟು ವರ್ಷ ಗೊತ್ತಿದ್ದದ್ದು ಅದೊಂದೇ. ಅದನ್ನು ದಿನಾ ನುಂಗಿ ಕೆಲಸ ಮಾಡಿದೆ. ಕೆಲಸ ಯಾವುದಾದರೇನು ಎಲ್ಲವೂ ದೇವರ ಸಮಾನ ಅಂತ ಹೇಳುವವರನ್ನು ಕಂಡರೆ, ಆ ದೇವರನ್ನು ಒಂದು ದಿನ ನೀವೇ ತೊಳೆಯಿರಿ ಅನ್ನಿಸುತ್ತದೆ. ಕೆಲವು ಕೆಲಸ ಕೆಟ್ಟ ಕೆಲಸವೇ. ಅದನ್ನು ಯಾರಾದರೂ ಮಾಡಲೇಬೇಕು, ಸರಿ. ಹಾಗೆ ಮಾಡುವವರ ಕೈಗೆ ಒಂದು ರಬ್ಬರು ಚೀಲ ತೊಡಿಸುವುದಕ್ಕೂ ಆಗದವನು ಅವರ ಮುಂದೆ ನಿಂತು ಕಣ್ಣೀರು ಹಾಕಬಾರದು.

ನಾನೀಗ ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೇನೆ. ಕೆಳಗೆ ಮಷಿನ್ನು ಓಡುವ ಸದ್ದು ಹಿತವಾಗಿದೆ. ದರ್ಜಿ ಒಳ್ಳೆಯವನು, ಮಾತು ಜಾಸ್ತಿ. ಮಧ್ಯಾಹ್ನ ಗುಂಡಿ ಹೊಲಿದುಕೊಡಿ ಅಂದ. ಸೂಜಿ ಹಿಡಿಯುವಷ್ಟು ಬೆರಳು ಬಗ್ಗುವುದಿಲ್ಲ ಅಂದೆ. ಹಾಗಾದರೆ ಬಂದವರ ಜೊತೆ ಮಾತಾಡಿಕೊಂಡು ಕೂತಿರಿ, ಅದೂ ಒಂದು ಕೆಲಸವೇ ಅಂದ.

ಕ್ಷಮೆ ಕೇಳಲು ಬರಬೇಡ. ಕ್ಷಮೆ ಕೇಳುವುದರಲ್ಲಿ ನೀನು ಚಿಕ್ಕಂದಿನಿಂದ ಜಾಣ. ಗ್ಲೌಸು ಕೊಡು, ಎಲ್ಲರಿಗೂ, ಎರಡೂ ಕೈಗೆ. ಹರಿದರೆ ಇನ್ನೊಂದು ಜೊತೆ ಕೊಡು. ಮೂರನೇ ಮಹಡಿಯವಳ ಹೆಬ್ಬೆರಳನ್ನು ಡಾಕ್ಟರಿಗೆ ತೋರಿಸು. ಅವರು ಅದೇ ಕಟ್ಟಡದಲ್ಲೇ ಇದ್ದಾರೆ, ದೂರವೇನಿಲ್ಲ. ಮತ್ತೆ ನನ್ನ ಕಥೆ ಹೇಳುವುದನ್ನು ಬಿಡು. ಅದು ನನ್ನದು.

ನಿನ್ನ ಹೆಂಡತಿಗೆ ನನ್ನ ಪ್ರೀತಿ. ಇದನ್ನು ಬರೆಯುವಾಗ ಹೊಡೆದುಹಾಕಬೇಕು ಅನ್ನಿಸಲಿಲ್ಲ.

ನಿನ್ನ,
ಅಕ್ಕ

ತಾ.ಕ.: ಕಾಗದ ಬರೆದು ಮೂರು ದಿನ ಇಟ್ಟುಕೊಂಡಿದ್ದೆ, ಬಿರುಸಾಯಿತೇನೋ ಅಂತ. ನಿನ್ನೆ ನಿನ್ನ ಇನ್ನೊಂದು ಆಸ್ಪತ್ರೆಗೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದಾರೆ ಅಂತ ತಿಳಿದು ಹೋಗಿ ನಡುವಿನ ಸಾಲಿನಲ್ಲಿ ಕೂತೆ. ಅಲ್ಲಿಯ ಸೂಪರ್‌ವೈಸರಿಗೆ ನನ್ನ ಗುರುತು ಹತ್ತಲಿಲ್ಲ. ಅವನು ನನ್ನ ಕಥೆಯನ್ನು ನಿನಗಿಂತ ಚೆನ್ನಾಗಿ ಹೇಳುತ್ತಾನೆ. ಮುಗಿದ ಮೇಲೆ ಒಬ್ಬ ಹುಡುಗಿ, “ಆ ಅಕ್ಕ ಈಗ ಎಲ್ಲಿದಾರೆ ಸರ್?” ಅಂತ ಕೇಳಿದಳು. ಅವನು ತಲೆ ತಗ್ಗಿಸಿ, “ಹೋದ ತಿಂಗಳು ತೀರಿಕೊಂಡ್ರಮ್ಮ” ಅಂದ. ಹಾಗೆ ಹೇಳು ಅಂತ ನೀನು ಹೇಳಿಕೊಟ್ಟೆಯೋ, ಅವನೇ ಕಟ್ಟಿದನೋ, ನನಗೆ ತಿಳಿಯುವುದು ಬೇಡ. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ. ಕೂತ ಮೇಲೆ ಕೈ ಎತ್ತಿ ಗ್ಲೌಸು ಯಾವಾಗ ಕೊಡುತ್ತೀರಿ ಅಂತ ಕೇಳಿದೆ. “ಈಗ ತಾನೇ ಅವ್ರ ಕಥೆ ಕೇಳಿದ್ರಲ್ಲಮ್ಮ. ಸತ್ತವರ ಮೇಲಾದ್ರೂ ಗೌರವ ಬೇಡ್ವಾ?” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದಿನ ಸಾಲಿನಿಂದ ಯಾರೋ ಒಬ್ಬಳು, “ಗೌರವ ಇದೆ ಸರ್. ಗ್ಲೌಸ್ ಯಾವಾಗ ಕೊಡ್ತೀರಾ?” ಅಂದಳು.