ಏಳೂವರೆಗೆ ತೂಗಲಿರುವ ಕೊಲಂಬಸ್ ದೋಣಿಯ ಬಗ್ಗೆ

ಪರವಾನಗಿಗೆ ರುಜು ಹಾಕುವ ಮಾನ್ಯ ಅಧಿಕಾರಿಗಳೇ,

ಈಗ ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಉದ್ದನೆಯ ಒಂದು ಕಿರುಗುಟ್ಟುವಿಕೆ, ಆಮೇಲೆ ಒಂದು ಗುದ್ದು, ಮತ್ತೆ ಅದೇ. ನಿದ್ದೆಯಿಂದ ಎಬ್ಬಿಸಿತು ಎಂದು ಬರೆದರೆ ಸುಳ್ಳಾದೀತು, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೇ. ಕಿಟಕಿಯಿಂದ ನೋಡಿದರೆ, ಸುರಕ್ಷಿತವೆಂದು ನೀವು ಬರೆದುಕೊಟ್ಟಿರುವ ಕೊಲಂಬಸ್ ದೋಣಿ ಖಾಲಿಯಾಗಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ರಿಪೇರಿ ಮಾಡುತ್ತಿದ್ದಾರೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ರಿಪೇರಿಯಲ್ಲ. ದೋಣಿಯ ಮೂತಿಗೆ ಸೀರಿಯಲ್ ಲೈಟು ಕಟ್ಟಿ, ತೂಗುವಾಗ ಹೇಗೆ ಕಾಣುತ್ತದೆ ಎಂದು ನೋಡುತ್ತಿದ್ದರು. ಇವತ್ತು ಕ್ರಿಸ್‌ಮಸ್. ಬೆಳಿಗ್ಗೆ ಏಳೂವರೆಗೆ ಆ ದೋಣಿಯಲ್ಲಿ ಮೂವತ್ತೆಂಟು ಮಕ್ಕಳು ಕೂರುತ್ತಾರೆ. ಅದರ ಕಡೆಯ ಸಾಲಿನಲ್ಲಿ ಮಕ್ಕಳನ್ನು ಹಿಡಿದಿಡಬೇಕಾದ ಕಂಬಿಗೆ ಬೀಗದ ಪಿನ್ನಿಲ್ಲ, ತಂತಿ ಸುತ್ತಿದ್ದಾರೆ. ನನ್ನ ದೂರು ಇಷ್ಟೇ. ಉಳಿದದ್ದನ್ನೆಲ್ಲ ನೀವು ನನ್ನನ್ನು ನಂಬಲೆಂದು ಬರೆಯುತ್ತಿದ್ದೇನೆ.

ಆಂಧ್ರದಲ್ಲಿ ಕುಳಿತು ಆಂಧ್ರದ ಅಧಿಕಾರಿಗೆ ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಲಾರಿರಿ. ಕಳೆದ ನವೆಂಬರಿನಲ್ಲಿ ವಿಶಾಖಪಟ್ಟಣದಲ್ಲಿ ನಡೆದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನೀವೇ ಮುಖ್ಯ ಅತಿಥಿಗಳು. ವಿಜಯವಾಡದಿಂದ ನಾವು ಹನ್ನೊಂದು ಸಂಸಾರದವರು ಅದಕ್ಕೆಂದೇ ರೈಲಿನಲ್ಲಿ ಬಂದಿದ್ದೆವು. "ಈ ಸೀಮೆಯಲ್ಲಿ ಯಾವ ಕನ್ನಡಿಗರಿಗೆ ತೊಂದರೆಯಾದರೂ ಹೊತ್ತುಗೊತ್ತು ನೋಡಬೇಡಿ, ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ, ಸಾಕು" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ನಿಮಗೆ ಶಾಲು ಹೊದಿಸಿದವರು ನನ್ನ ಯಜಮಾನರು ನಂದೀಶ್, ಬೆಂಜ್ ಸರ್ಕಲ್ ಹತ್ತಿರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ಖಾಸಗಿಯಾಗಿ ನಿನ್ನೆ ಸಂಜೆ ನಿಮ್ಮ ಕ್ಯಾಂಪ್ ಆಫೀಸಿಗೆ ಎರಡು ಸಲ ಫೋನ್ ಮಾಡಿದೆ. ಸಾಹೇಬರು ಕುಟುಂಬ ಸಮೇತ ಅರಕು ಗೆಸ್ಟ್ ಹೌಸಿನಲ್ಲಿದ್ದಾರೆ, ಇಪ್ಪತ್ತೇಳರಂದು ಮಾಡಿ ಎಂದರು. ನಿಮ್ಮ ಮಕ್ಕಳಿಗೂ ಕ್ರಿಸ್‌ಮಸ್ ರಜೆ ಇರಬೇಕಲ್ಲವೇ. ಅವರು ಅಲ್ಲಿ ತೂಗುವುದು ಮರಕ್ಕೆ ಕಟ್ಟಿದ ಉಯ್ಯಾಲೆಯಲ್ಲಾಗಿರಲಿ, ಅದಕ್ಕೆ ಯಾರ ಪರವಾನಗಿಯೂ ಇಲ್ಲದಿರಲಿ ಎಂದು ಹಾರೈಸುತ್ತೇನೆ.

ನಾವು ಇಲ್ಲಿಗೆ ಬಂದದ್ದು ಶನಿವಾರ ರಾತ್ರಿ. ಶನಿವಾರ ಬ್ಯಾಂಕು ಅರ್ಧ ದಿನ, ಭಾನುವಾರ ರಜೆ, ಸೋಮವಾರ ಕ್ರಿಸ್‌ಮಸ್. ವರ್ಗಾವಣೆಯ ಮೇಲೆ ಊರೂರು ಸುತ್ತುವ ನಮ್ಮಂಥವರಿಗೆ ಮಕ್ಕಳ ಶಾಲೆಯೂ ಗಂಡಸರ ಆಫೀಸೂ ಒಟ್ಟಿಗೆ ಮುಚ್ಚುವುದು ಅಪರೂಪ. ಹಾಗಾಗಿ ವಿಜಯವಾಡದವರೂ ವಿಶಾಖಪಟ್ಟಣದವರೂ ಸೇರಿ ಇಪ್ಪತ್ತೆರಡು ಸಂಸಾರಗಳು ಅನಕಾಪಲ್ಲಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿರುವ ಈ ರೆಸಾರ್ಟಿಗೆ ಬಂದಿಳಿದೆವು. ನಮ್ಮಂತೆಯೇ ಯೋಚಿಸಿದ ಸಾವಿರಾರು ಜನ ನಮಗಿಂತ ಮೊದಲೇ ಬಂದಿದ್ದರು. ಇಡ್ಲಿಗೆ ಮುಕ್ಕಾಲು ಗಂಟೆ ಸಾಲು, ನೀರಿನ ಜಾರುಬಂಡೆಗೆ ಒಂದೂವರೆ ಗಂಟೆ, ಶೌಚಕ್ಕೆ ಹೋದವರ ಜಾಗ ಹಿಡಿಯಲು ಇನ್ನೊಬ್ಬರು. ಕೈಗೆ ನೀಲಿ ಕಾಗದದ ಪಟ್ಟಿ ಅಂಟಿಸಿದ್ದಾರೆ, ಹೊರಗೆ ಹೋಗುವಾಗ ಅವರೇ ಕತ್ತರಿಸಬೇಕು. ಹೆಂಗಸರೂ ಮಕ್ಕಳೂ ಒಂಬತ್ತು ಜನ ಒಂದು ಕೊಠಡಿಯಲ್ಲಿ, ಗಂಡಸರೆಲ್ಲ ಮದುವೆ ಹಾಲಿನಲ್ಲಿ. ಈಗ ನಾನು ಬಚ್ಚಲಿನಲ್ಲಿ, ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ದೀಪ ಹಾಕಬಹುದಾದ ಜಾಗ ಇದೊಂದೇ.

ಈಗ ನನ್ನ ತಪ್ಪನ್ನು ಹೇಳಬೇಕು. ಅದನ್ನು ಮುಚ್ಚಿಟ್ಟು ನಿಮ್ಮ ತಪ್ಪನ್ನು ಮಾತ್ರ ಬರೆದರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ.

ನಮ್ಮ ಮಕ್ಕಳು ತೆಲುಗಿನಲ್ಲಿ ಜಗಳವಾಡುತ್ತಾರೆ, ತೆಲುಗಿನಲ್ಲಿ ಕನಸು ಕಾಣುತ್ತಾರೆ, ಅಜ್ಜಿ ಫೋನ್ ಮಾಡಿದಾಗ ಮಾತ್ರ ಕನ್ನಡದಲ್ಲಿ "ಚೆನ್ನಾಗಿದೀನಿ" ಅನ್ನುತ್ತಾರೆ. ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾಗಿ ನಾನೇ ಈ ಪ್ರವಾಸಕ್ಕೊಂದು ನಿಯಮ ಮಾಡಿದೆ. ಮೂರು ದಿನ ಕನ್ನಡ ಮಾತ್ರ. ಪ್ರತಿ ಮಗುವಿನ ಕೊರಳಲ್ಲಿ ಹತ್ತು ನಕ್ಷತ್ರಗಳ ಒಂದು ಚೀಟಿ. ತೆಲುಗಿನಲ್ಲಿ ಒಂದು ವಾಕ್ಯ ಆಡಿದರೆ ಒಂದು ನಕ್ಷತ್ರಕ್ಕೆ ಗೀಟು. ಹತ್ತೂ ಹೋದವರಿಗೆ ಬಹುಮಾನವಿಲ್ಲ. ಎಲ್ಲರೂ ಮೆಚ್ಚಿದರು. ಗೀಟು ಹಾಕುವ ಪೆನ್ನು ನನ್ನ ಕೊರಳಲ್ಲಿತ್ತು.

ನಿನ್ನೆ ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಮಗಳು ಇಂಚರಾ, ಆರು ವರ್ಷದವಳು, ಆ ದೋಣಿಯ ಕಡೆಯ ಸಾಲಿನ ತುದಿಯಲ್ಲಿ ಕೂತಳು. ಅವಳ ಚೀಟಿಯಲ್ಲಿ ಒಂದೇ ನಕ್ಷತ್ರ ಉಳಿದಿತ್ತು. ಪಕ್ಕದಲ್ಲಿ ಧಾರವಾಡ ಕಡೆಯ ಹೈಮಾವತಿ, ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಕಟಕಟೆಯ ಹೊರಗೆ ನಿಂತಿದ್ದೆ. ಕಂಬಿಯನ್ನು ತೊಡೆಯ ಮೇಲೆ ಇಳಿಸಿದರು. ಇಂಚರಾ ಅದನ್ನು ಎರಡು ಸಲ ಅಲ್ಲಾಡಿಸಿ ನೋಡಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಇದಿ ಊಡಿಪೋತೋಂದಿ" ಎಂದಳು. ಇದು ಕಳಚಿಕೊಳ್ತಿದೆ ಎಂದು.

ನಾನು ಪೆನ್ನು ತೋರಿಸಿದೆ. "ಕನ್ನಡದಲ್ಲಿ ಹೇಳು ಪುಟ್ಟಿ. ಇನ್ನೊಂದೇ ನಕ್ಷತ್ರ ಇರೋದು."

ಅವಳು ಬಾಯಿ ತೆರೆದಳು. ಹುಡುಕಿದಳು. ಆ ಪದ ಅವಳಿಗೆ ಸಿಗಲಿಲ್ಲ. ಸುತ್ತ ನಿಂತವರು ನಕ್ಕರು, ಪ್ರೀತಿಯಿಂದಲೇ. ಅವಳು ಬಾಯಿ ಮುಚ್ಚಿ ಎರಡೂ ಕೈಯಲ್ಲಿ ಕಂಬಿಯನ್ನು ಕೆಳಕ್ಕೆ ಒತ್ತಿ ಹಿಡಿದುಕೊಂಡಳು. ಗಂಟೆ ಬಾರಿಸಿತು, ದೋಣಿ ಹೊರಟಿತು.

ಐದನೆಯ ತೂಗಿಗೆ ಕಂಬಿ ಮೇಲೆದ್ದಿತು. ನನ್ನ ಮಗಳು ಸೀಟಿನಿಂದ ಜಾರಿದ್ದನ್ನು ಕೆಳಗಿನಿಂದ ನೋಡಿದೆ. ಹೈಮಾವತಿ ಒಂದು ತೋಳನ್ನು ಹಿಂದಿನ ಕಂಬಕ್ಕೆ ಸುತ್ತಿ, ಇನ್ನೊಂದು ಕೈಯಲ್ಲಿ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಜಡೆ. ನಾವು ಕೂಗಿದ್ದು ಹಾಡಿನ ಅಬ್ಬರದಲ್ಲಿ ಮೋಟಾರಿನ ಹತ್ತಿರ ಕುಳಿತವರಿಗೆ ಕೇಳಿಸಲಿಲ್ಲ, ಆ ದೋಣಿಯಲ್ಲಿ ಎಲ್ಲರೂ ಕೂಗುತ್ತಾರಲ್ಲ. ಮತ್ತೆ ಏಳು ಸಲ ತೂಗಿ ಅದು ನಿಂತಿತು. ಎಣಿಸಿದ್ದೇನೆ.

ಮಗುವಿಗೆ ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಭುಜ ಬಾತಿದೆ, ನೆತ್ತಿಯಲ್ಲಿ ಒಂದಿಷ್ಟು ಕೂದಲು ಕಿತ್ತುಬಂದಿದೆ. ಅದು ಏನೂ ಅಲ್ಲವೆಂದೇ ಇಟ್ಟುಕೊಳ್ಳೋಣ. ನಿನ್ನೆ ಮೂರು ಗಂಟೆಯಿಂದ ಅವಳು ಮಾತಾಡಿಲ್ಲ. ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲ. ಯಾವ ಭಾಷೆಯಲ್ಲಾದರೂ ಹೇಳಮ್ಮ ಎಂದು ಬೇಡಿಕೊಂಡೆ. ನನ್ನ ಕೊರಳನ್ನೇ ನೋಡುತ್ತಾಳೆ. ಪೆನ್ನನ್ನು ಆಗಲೇ ಎಸೆದಿದ್ದೇನೆ.

ಮ್ಯಾನೇಜರರ ಬಳಿ ಹೋದೆವು. "ಟೆನ್ಷನ್ ಪಡಕಂಡಿ ಮೇಡಂ", ಗಾಬರಿಯಾಗಬೇಡಿ ಎಂದು ಕುರ್ಚಿ ಹಾಕಿಸಿ ತಂಪು ಪಾನೀಯ ತರಿಸಿದರು. ಮಗು ಎದ್ದು ನಿಂತಿರಬೇಕು ಎಂದರು. ಹೈಮಾವತಿ ತಮ್ಮ ಕನ್ನಡದಲ್ಲೇ ಶುರುಮಾಡಿದರು.

"ಏನ್ರೀ ಮ್ಯಾನೇಜರ್ರ, ನನ್ನ ಕೈಯಾಗ ಆಕಿ ಹೆರಳು ಸಿಕ್ಕಿತಂತ ಹುಡುಗಿ ಉಳದಾಳ. ನಿಮ್ಮ ಕಂಬಿ ಏನ್ ಅರಿವಿ ಒಣಹಾಕಾಕ ಇಟ್ಟೀರೇನ?"

ಅವರಿಗೆ ಅರ್ಥವಾಗಲಿಲ್ಲ, ಅಥವಾ ಚೆನ್ನಾಗಿಯೇ ಅರ್ಥವಾಯಿತು. ನನ್ನ ಯಜಮಾನರ ಕಡೆ ತಿರುಗಿ ಮೆಲ್ಲಗೆ, ಮೇಡಂ ಸರಿಯಾಗಿ ನಿದ್ದೆ ಮಾಡ್ತಾರಾ ಸಾರ್ ಎಂದು ತೆಲುಗಿನಲ್ಲಿ ಕೇಳಿದರು. ನಂದೀಶ್ ತಂಪು ಪಾನೀಯವನ್ನು ನನ್ನ ಕಡೆ ಸರಿಸಿದರು. ನಾನು ನಿದ್ದೆ ಮಾಡುವುದಿಲ್ಲ ಎಂಬುದು ಸಂಘಕ್ಕೆಲ್ಲ ಗೊತ್ತಿರುವ ಸಂಗತಿ. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಮೂರು ಸಲ ಎದ್ದು ನೋಡುವವಳು, ಶಾಲೆಯ ವ್ಯಾನು ಐದು ನಿಮಿಷ ತಡವಾದರೆ ರಸ್ತೆಗೆ ಓಡುವವಳು. ಮಾನ್ಯರೇ, ಹೆದರುವ ಸ್ವಭಾವದ ಹೆಂಗಸು ಒಂದು ಸಲ ನಿಜವಾದ ಅಪಾಯವನ್ನೇ ಕಂಡರೆ ಅದನ್ನು ಯಾವ ಕಚೇರಿಯಲ್ಲಿ ನೋಂದಾಯಿಸಬೇಕು?

ಆಮೇಲೆ ಮ್ಯಾನೇಜರು ಎದ್ದು ಹೊರಗೆ, ಟಿಕೆಟ್ ಕೌಂಟರಿನ ಗೋಡೆಯ ಮೇಲಿನ ಚೌಕಟ್ಟನ್ನು ತೋರಿಸಿದರು. ಗಾಜಿನೊಳಗೆ ನಿಮ್ಮ ಪರವಾನಗಿ. ಹದಿನಾರು ಆಟಗಳನ್ನು ಖುದ್ದಾಗಿ ಪರಿಶೀಲಿಸಿ ಸುರಕ್ಷಿತವೆಂದು ಕಂಡುಕೊಂಡಿದ್ದೀರಿ. ಒಂಬತ್ತನೆಯದು ಕೊಲಂಬಸ್ ದೋಣಿ. ಕೆಳಗೆ ನಿಮ್ಮ ರುಜು, ಮೊಹರು, ಅಕ್ಟೋಬರ್ ಹದಿನೆಂಟು, ಎರಡು ಸಾವಿರದ ಆರು.

ಸಂಜೆ ನಾನೊಬ್ಬಳೇ ದೋಣಿಯ ಹತ್ತಿರ ಹೋದೆ. ಅದನ್ನು ನಡೆಸುವವರು ದಿನಕರ ಎಂಬ ಮಧ್ಯವಯಸ್ಸಿನವರು. ಹೋದ ವರ್ಷದವರೆಗೆ ಅನಕಾಪಲ್ಲಿಯ ಹತ್ತಿರ ಬೆಲ್ಲದ ಆಲೆಮನೆಯಲ್ಲಿ ಕಬ್ಬಿನ ಗಾಣದ ಮೋಟಾರು ನೋಡಿಕೊಳ್ಳುತ್ತಿದ್ದರಂತೆ. ಕಡೆಯ ಸಾಲಿನ ಕಂಬಿಗೆ ತಂತಿ ಸುತ್ತುತ್ತಿದ್ದರು. ಅವರು ತೆಲುಗಿನಲ್ಲಿ ಹೇಳಿದ್ದು ಇದು:

"ಪಿನ್ನು ಬಂದೇ ಇಲ್ಲ ತಾಯಿ. ಎಲ್ಲೋ ಬಿಚ್ಚಿದ ಬೋಟನ್ನು ಕಾರ್ತೀಕ ಹುಣ್ಣಿಮೆ ಕಳೆದ ಮೇಲೆ ಲಾರಿಯಲ್ಲಿ ತಂದು ನಿಲ್ಲಿಸಿದರು. ಗಾಣದಲ್ಲಿ ಪಿನ್ನು ಹೋದರೆ ನಾವು ತಂತಿ ಸುತ್ತುತ್ತಿದ್ದೆವು. ಕಬ್ಬಿಗೆ ಅಷ್ಟು ಸಾಕು."

"ಮಕ್ಕಳಿಗೆ?" ಎಂದೆ.

ಅವರು ಇಕ್ಕಳ ಕೆಳಗಿಟ್ಟರು. "ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ. ಅನ್ನುವವರು ಬೇಕಲ್ಲ."

ಈ ವರ್ಷ ಕಾರ್ತೀಕ ಹುಣ್ಣಿಮೆ ನವೆಂಬರ್ ಐದಕ್ಕೆ. ಹಾಗಿದ್ದರೆ ಅಕ್ಟೋಬರ್ ಹದಿನೆಂಟರಂದು ನೀವು ಖುದ್ದಾಗಿ ಪರಿಶೀಲಿಸಿದ್ದು ಏನನ್ನು? ದಿನಕರ ಹೇಳುವಂತೆ ಅಂದು ಅಲ್ಲಿದ್ದದ್ದು ಕೆಂಪು ಮಣ್ಣು ಮತ್ತು ಒಂದು ತಾಳೆಮರದ ಬುಡ. ಅವೆರಡರ ಸುರಕ್ಷತೆಯ ಬಗ್ಗೆ ನನಗೂ ಅನುಮಾನವಿಲ್ಲ. ಇಲ್ಲದ ದೋಣಿಯಿಂದ ಯಾರೂ ಬೀಳುವುದಿಲ್ಲ ಎಂಬ ನಿಮ್ಮ ತೀರ್ಮಾನ ತಾಂತ್ರಿಕವಾಗಿ ಸರಿಯಾದದ್ದೇ. ಆದರೆ ಟಿಕೆಟ್ ಕೊಳ್ಳುವ ಪ್ರತಿಯೊಬ್ಬ ತಂದೆತಾಯಿ ಆ ಚೌಕಟ್ಟನ್ನು ನೋಡಿ ಮಗುವಿನ ಕೈ ಬಿಡುತ್ತಾರೆ. ನಾನೂ ಬಿಟ್ಟೆ. ನೀವು ಕಣ್ಣಿಂದ ನೋಡದ್ದಕ್ಕೆ ರುಜು ಹಾಕಿದಿರಿ, ನಾನು ಕಿವಿಗೆ ಬಿದ್ದದ್ದನ್ನು ಕೇಳಿಸಿಕೊಳ್ಳದೆ ಗೀಟು ಹಾಕಲು ಹೊರಟೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ತಪ್ಪಿತಸ್ಥರು ಎಂಬ ವಿಚಾರಣೆಯನ್ನು ಇಪ್ಪತ್ತೇಳರ ನಂತರ ಬಿಡುವಾಗಿ ನಡೆಸೋಣ. ಈಗ ಅದಕ್ಕೆ ಸಮಯವಿಲ್ಲ.

ಏಕೆಂದರೆ ನಮ್ಮ ಸಂಘದ ಮಕ್ಕಳಿಗೆಂದೇ ಈ ರೆಸಾರ್ಟಿನವರು ಕ್ರಿಸ್‌ಮಸ್ ಉಡುಗೊರೆಯಾಗಿ ಒಂದು ಸುತ್ತು ಕೊಡುತ್ತಿದ್ದಾರೆ. ಗೇಟು ತೆರೆಯುವ ಮೊದಲು, ಏಳೂವರೆಗೆ, ಕೆಂಪು ಟೋಪಿ ಹಾಕಿಸಿ, ಫೋಟೋ ಸಮೇತ. ಬೇಡ ಎಂದು ಸಂಘದ ಅಧ್ಯಕ್ಷರಾದ ಸುಬ್ರಹ್ಮಣ್ಯ ಅವರ ಬಳಿ ಅತ್ತೆ. ಮೈಸೂರಿನವರು, ನನ್ನ ಯಜಮಾನರಿಗೆ ಮೇಲಧಿಕಾರಿ, ಕೆಟ್ಟವರಲ್ಲ.

"ಏನಮ್ಮ ಚಿತ್ರಾ, ಮಗೂಗೆ ಏನೂ ಆಗ್ಲಿಲ್ವಲ್ಲ. ಈಗ ತಂತಿ ಬೇರೆ ಕಟ್ಟಿದ್ದಾರಂತೆ. ಮಕ್ಕಳು ಆಸೆ ಪಟ್ಕೊಂಡು ಕೂತಿವೆ. ಬೇಕಿದ್ರೆ ನಿನ್ನ ಮಗಳನ್ನ ಕೂರಿಸ್ಬೇಡ, ಯಾರೇನೂ ಅಂದ್ಕೊಳಲ್ಲ."

ಹೌದು, ನನ್ನ ಮಗಳು ಕೂರುವುದಿಲ್ಲ. ಆ ಜಾಗದಲ್ಲಿ ಯಾರ ಮಗು ಕೂರುತ್ತದೆ?

ಮಗುವನ್ನು ಎತ್ತಿಕೊಂಡು ಹೊರಟುಬಿಡೋಣ ಎಂದು ನಂದೀಶ್‌ಗೆ ಹೇಳಿದೆ. ಗುಂಪಿನಲ್ಲಿ ಬಂದವರು ಗುಂಪಿನ ಪಾಸಿನಲ್ಲೇ ಹೊರಗೆ ಹೋಗಬೇಕು, ಪಾಸು ಅಧ್ಯಕ್ಷರ ಜೇಬಿನಲ್ಲಿ, ಬಸ್ಸು ಸೋಮವಾರ ಸಂಜೆಗೆ. "ಒಂದು ದಿನ ಸುಮ್ನಿರು ಮಾರಾಯ್ತಿ. ನಾಡಿದ್ದು ನಾನು ಅವರ ಮುಂದೇನೇ ಕೆಲಸ ಮಾಡಬೇಕು" ಎಂದರು. ಅವರನ್ನೂ ಬೈಯಲಾರೆ. ಗೇಟು ತೆರೆದಿದ್ದರೂ ಈಗ ನಾನು ಹೋಗಲಾರೆ. ಕಂಬಿ ಕಳಚುವುದನ್ನು ಕಣ್ಣಾರೆ ಕಂಡವಳು ಹೊರಟುಹೋದರೆ ಉಳಿದ ಮೂವತ್ತೆಂಟು ಮಕ್ಕಳನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ? ಏಳು ಗಂಟೆಗೇ ಹೋಗಿ ಆ ಸಾಲಿನಲ್ಲಿ ಅಡ್ಡ ಮಲಗಬೇಕೆಂದೂ ಯೋಚಿಸಿದೆ. ಎತ್ತಿ ಕೆಳಗಿಳಿಸುತ್ತಾರೆ. ನಿದ್ದೆಗೆಟ್ಟವಳು ಪಾಪ ಎನ್ನುತ್ತಾರೆ, ಮಾತ್ರೆ ಕೊಡುತ್ತಾರೆ. ದೋಣಿ ಹತ್ತು ನಿಮಿಷ ತಡವಾಗಿ ಹೊರಡುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ರಜೆ ಕೆಡಿಸಿಕೊಂಡು ಬರಬೇಡಿ, ತನಿಖಾ ಸಮಿತಿ ಬೇಡ, ಕ್ಷಮೆಯೂ ಬೇಡ. ಮ್ಯಾನೇಜರು ಕೊನೆಗೆ ಬೇಸತ್ತು ಒಂದು ಮಾತು ಹೇಳಿದ್ದಾರೆ: "ಪರವಾನಗಿ ಕೊಟ್ಟವರು ಫೋನಿನಲ್ಲಿ ನಿಲ್ಲಿಸು ಅನ್ನಲಿ, ಆ ಕ್ಷಣ ಬೀಗ ಹಾಕುತ್ತೇನೆ. ನೀವು ಹೇಳಿದರೆ ಹಾಕಲು ನೀವು ಯಾರು?" ಸರಿಯಾದ ಪ್ರಶ್ನೆ. ನಾನು ಯಾರೂ ಅಲ್ಲ. ನೀವು ಯಾರೋ ಆಗಿದ್ದೀರಿ.

ಹೈಮಾವತಿ ನಿಮ್ಮ ಕ್ಯಾಂಪ್ ಆಫೀಸಿನವರನ್ನು ಕಾಡಿ ಗೆಸ್ಟ್ ಹೌಸಿನ ಫ್ಯಾಕ್ಸ್ ನಂಬರು ಪಡೆದಿದ್ದಾರೆ. ರಿಸೆಪ್ಷನ್ನಿನ ಹುಡುಗಿ ಕಳಿಸಿಕೊಡಲು ಒಪ್ಪಿದ್ದಾಳೆ. ಪತ್ರದ ಒಂದು ಪ್ರತಿಯನ್ನು ರಿಸೆಪ್ಷನ್ನಿನ ಗಾಜಿಗೆ ಅಂಟಿಸುತ್ತೇನೆ, ತಿಂಡಿಗೆ ಬರುವ ನಮ್ಮವರು ಓದಲಿ. ಇನ್ನೊಂದು ಬೆಂಗಳೂರಿನ ಪತ್ರಿಕೆಗೆ, ಆದರೆ ಅವರು ಅಚ್ಚು ಹಾಕುವ ಹೊತ್ತಿಗೆ ಏಳೂವರೆ ಆಗಿಹೋಗಿರುತ್ತದೆ. ಈ ಹಾಳೆ ನಿಮ್ಮ ಯಂತ್ರದಿಂದ ಹೊರಬರುವಾಗ ಅಲ್ಲಿನ ಕಾವಲುಗಾರರಾದರೂ ಎಚ್ಚರವಿದ್ದರೆ, ಅಣ್ಣಾ, ಸಾಹೇಬರನ್ನು ಎಬ್ಬಿಸಿ. ಬೈದರೆ ನನ್ನ ಹೆಸರು ಹೇಳಿ. ಸಾಹೇಬರೇ, ರಿಸೆಪ್ಷನ್ನಿನ ನಂಬರು ಹಾಳೆಯ ನೆತ್ತಿಯಲ್ಲಿ ಅಚ್ಚಾಗಿರುತ್ತದೆ. ಮ್ಯಾನೇಜರು ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ. ಹಾಸಿಗೆಯಿಂದ ಏಳದಿದ್ದರೂ ಪರವಾಗಿಲ್ಲ, ಯಾವ ಭಾಷೆಯಲ್ಲಾದರೂ ಒಂದೇ ಒಂದು ಮಾತು ಹೇಳಿ. ಬೆಳಕು ಹರಿಯುವುದರೊಳಗೆ ಫೋನ್ ಮಾಡಿ. ದಯವಿಟ್ಟು, ಮಾಡಿ.

ಇಂತಿ,
ನಿಮ್ಮ ರುಜುವನ್ನು ನಂಬಿ, ಮಗಳ ಮಾತನ್ನು ನಂಬದ ತಾಯಿ
ಚಿತ್ರಾ ನಂದೀಶ್
ಕೊಠಡಿ ೧೧೪, ಎಚ್ಚರವಾಗಿದ್ದೇನೆ